18 ಪರ್ಸೆಂಟಿನ ಬೋಜಾ

"ಅಪ್ಪಾ, ನೀ ಮನಿ ಮನಿ ತಿರುಗಿ ಪಟ್ಟಿ ವಸೂಲ್ ಮಾಡ್ತಿದ್ದೆಲ್ಲಾ, ಆ ಪಟ್ಟಿ ಬಾಕಿ ಮ್ಯಾಲೆ ಇಲ್ಲಿ 18 ಪರ್ಸೆಂಟ್ ಬಡ್ಡಿ ಸಿಗತೈತಿ ನೋಡು."

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ಮಗ ಫೋನಿನಲ್ಲಿ ಹೀಗಂದ. ಅವನಿರುವುದು ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿ. ಅವನಿಗೆ ಅದು ಶನಿವಾರ ರಾತ್ರಿ. ನಾನು ಬಾಗಲಕೋಟೆ ನವನಗರದ ನಮ್ಮ ಮನೆ ಕಟ್ಟೆ ಮೇಲೆ ಚಹಾ ಹಿಡಿದು ಕೂತಿದ್ದೆ. ಒಳಗೆ ಇವಳು ರೊಟ್ಟಿ ಬಡಿಯುತ್ತಿದ್ದಳು.

ನಮ್ಮ ಕಡೆ ಆಸ್ತಿ ತೆರಿಗೆ ಅಂತ ಯಾರೂ ಅನ್ನುವುದಿಲ್ಲ. ಮನೆ ಪಟ್ಟಿ, ನಳದ ಪಟ್ಟಿ ಅಂತೀವಿ. 31 ವರ್ಷ ನಾನು ಮಾಡಿದ್ದು ಅದೇ ಕೆಲಸ. ಜಿಲ್ಲೆಯ ನೇಕಾರರ ಊರೊಂದರ ಪುರಸಭೆಯಲ್ಲಿ ಬಿಲ್ ಕಲೆಕ್ಟರ್ ಆಗಿ ಸೇರಿದೆ. ಕಂದಾಯ ವಿಭಾಗದಿಂದಲೇ ನಿವೃತ್ತನಾದೆ. ಯಾವ ಓಣಿಯಲ್ಲಿ ಯಾರ ಮನೆ, ಯಾರದ್ದು ಎಷ್ಟು ಬಾಕಿ, ಯಾಕೆ ಬಾಕಿ ಎಂಬುದು ಈಗಲೂ ನನಗೆ ಬಾಯಿಪಾಠ. ಹಾಗಾಗಿ ಮಗನ ಮಾತು ಕೇಳಿದಾಗ ಮೊದಲು ಬಡ್ಡಿಯ ಲೆಕ್ಕ ತಲೆಗೆ ಬರಲಿಲ್ಲ. ಪಟ್ಟಿ ಕಟ್ಟದವರು ಯಾರು ಎಂಬ ಪ್ರಶ್ನೆ ಬಂತು.

ಅವನ ಆಫೀಸಿನ ಗೆಳೆಯನೊಬ್ಬ ದುಡ್ಡು ಕೊಟ್ಟು ಎರಡು ದಿನದ ಕ್ಲಾಸಿಗೆ ಹೋಗಿ ಬಂದಿದ್ದನಂತೆ. ಬೇರೆಯವರ ಪಟ್ಟಿ ಬಾಕಿ ನಾವು ಕಟ್ಟಿ ಬಡ್ಡಿ ಗಳಿಸುವುದು, ಅದಕ್ಕೆ ಅಲ್ಲಿ ಟ್ಯಾಕ್ಸ್ ಲೀನ್ ಸರ್ಟಿಫಿಕೇಟ್ ಅಂತಾರೆ. ಅಲ್ಲಿ ಹೇಳಿದ್ದು ಇಷ್ಟು: ಸರ್ಕಾರವೇ ಗ್ಯಾರಂಟಿ, 18 ಪರ್ಸೆಂಟ್ ಬಡ್ಡಿ, ಬಡ್ಡಿ ಬರದಿದ್ದರೆ ಮನೆಯೇ ನಿಮ್ಮದು. ನನ್ನ ನಿವೃತ್ತಿ ದುಡ್ಡಿನಲ್ಲಿ 8 ಲಕ್ಷ ಆಗ ತಾನೇ ಎಫ್‌ಡಿ ಮುಗಿದು ಖಾತೆಯಲ್ಲಿ ಬಿದ್ದಿತ್ತು. ಅದನ್ನು ಕಳಿಸು ಅಂತ ಮಗ ಕೇಳಲಿಲ್ಲ. ಆದರೆ ಅವನ ಮನಸ್ಸಿನಲ್ಲಿ ಇತ್ತು, ನನಗೆ ಗೊತ್ತಾಯಿತು.

"ಒಂದ್ ತಿಂಗಳು ತಡಿಯೋ ತಮ್ಮಾ. ಮೊದಲು ನನಗ ಅದರ ಕಾಯ್ದೆ ಓದಿ ಹೇಳು" ಅಂದೆ.

ಒಂದು ತಿಂಗಳು ದಿನಾ ರಾತ್ರಿ ಅದೇ ಮಾತು ನಡೆಯಿತು. ಅವನು ಓದುತ್ತಿದ್ದ, ನಾನು ಹಳೇ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಈಗ ಇಲ್ಲಿ ಬರೆಯುತ್ತಿರುವುದು ಆ ಡೈರಿಯಿಂದ.

ಲೀನ್ ಅನ್ನುವ ಸಂಗತಿ ನಮ್ಮ ರೈತರಿಗೆ ಹೊಸದೇನಲ್ಲ. ಸೊಸೈಟಿಯಲ್ಲಿ ಸಾಲ ತೆಗೆದರೆ ಉತಾರದಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಬೋಜಾ ಏರಿಸುತ್ತಾರೆ. ಸಾಲ ತೀರಿದ ಮೇಲೆ ತಿರುಗಾಡಿ ಬೋಜಾ ಇಳಿಸಿಕೊಳ್ಳಬೇಕು. ಅದೇ ಲೀನ್. ಪಟ್ಟಿ ಕಟ್ಟದಿದ್ದರೆ ಅದೂ ಆಸ್ತಿ ಮೇಲೆ ಬೋಜಾ ಆಗಿ ಕೂರುತ್ತದೆ. ನಮ್ಮಲ್ಲೂ ಹಾಗೇ, ಅಲ್ಲೂ ಹಾಗೇ. ಫರಕು ಇಷ್ಟೇ. ಅಲ್ಲಿ ಕೆಲವು ರಾಜ್ಯಗಳಲ್ಲಿ ಆ ಬೋಜಾವನ್ನೇ ಹರಾಜಿಗೆ ಇಡುತ್ತಾರೆ. ಬೇರೆಯವರು ಬಾಕಿ ಪೂರ್ತಿ ಕಟ್ಟಿ ಒಂದು ಸರ್ಟಿಫಿಕೇಟ್ ತೆಗೆದುಕೊಳ್ಳುತ್ತಾರೆ. ಮನೆಯವರು ಆಮೇಲೆ ಬಾಕಿಯನ್ನು ಬಡ್ಡಿ ಸಮೇತ ಕಟ್ಟಿದಾಗ ಆ ದುಡ್ಡು ಸರ್ಟಿಫಿಕೇಟ್ ಇದ್ದವರ ಕೈಗೆ ಬರುತ್ತದೆ.

ಫ್ಲಾರಿಡಾದ ಪಟ್ಟಿಯ ವರ್ಷ ಓದಿದಾಗ ನನಗೆ ನಮ್ಮ ಆಫೀಸಿನಲ್ಲೇ ಕೂತಂತಾಯಿತು. ನವೆಂಬರ್‌ನಲ್ಲಿ ಬಿಲ್ ಬರುತ್ತದೆ. ನವೆಂಬರ್‌ನಲ್ಲೇ ಕಟ್ಟಿದರೆ 4 ಪರ್ಸೆಂಟ್ ಕಡಿಮೆ. ಡಿಸೆಂಬರ್‌ನಲ್ಲಿ 3, ಜನವರಿಯಲ್ಲಿ 2, ಫೆಬ್ರವರಿಯಲ್ಲಿ 1. ಮಾರ್ಚ್‌ನಲ್ಲಿ ಪೂರ್ತಿ. ಏಪ್ರಿಲ್ 1 ಬಂತೆಂದರೆ ಬಾಕಿದಾರರ ಯಾದಿಯಲ್ಲಿ ಹೆಸರು. ಆ ಯಾದಿ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಜೂನ್ 1ರೊಳಗೆ ಹರಾಜು ಶುರುವಾಗಲೇಬೇಕು.

ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ. ಆಟೋಕ್ಕೆ ಮೈಕ್ ಕಟ್ಟಿ ಓಣಿ ಓಣಿ ಸಾರುತ್ತಿದ್ದೆವು. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ 2 ಪರ್ಸೆಂಟ್ ದಂಡ. ವರ್ಷಕ್ಕೆ ಲೆಕ್ಕ ಹಾಕಿದರೆ 24. ಫ್ಲಾರಿಡಾದ 18ಕ್ಕಿಂತ ಜಾಸ್ತಿ! ಮಗನಿಗೆ ಇದನ್ನು ಹೇಳಿದಾಗ ಅವನು ನಂಬಲಿಲ್ಲ. ಆದರೆ ನಮ್ಮಲ್ಲಿ ಆ ದಂಡ ಊರಿನ ತಿಜೋರಿಗೇ ಹೋಗುತ್ತದೆ. ಯಾರೂ ಅದನ್ನು ಕೊಳ್ಳಲು ಬರುವುದಿಲ್ಲ. ಹೀಗಾಗಿ, "ಸರ್, ಬಾಗಲಕೋಟಿಯೊಳಗ ಇಂಥಾ ಸರ್ಟಿಫಿಕೇಟ್ ಎಲ್ಲಿ ಸಿಗತಾವ್ರಿ?" ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಸಿಗುವುದಿಲ್ಲ. ಕರ್ನಾಟಕದಲ್ಲಿ ಪಟ್ಟಿ ಬಾಕಿಯನ್ನು ಖಾಸಗಿಯವರಿಗೆ ಮಾರುವ ಪದ್ಧತಿ ಇಲ್ಲ. ಇದೆ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಒಂದು ಮಾತು ಒಪ್ಪಬೇಕು. ವಸೂಲಿ ಮಾಡಿದವನಾಗಿ ನನಗೆ ಅಲ್ಲಿಯ ಪದ್ಧತಿ ಕಂಡು ಹೊಟ್ಟೆಕಿಚ್ಚಾಯಿತು. ಕೌಂಟಿಗೆ, ಅಂದರೆ ಅವರ ಜಿಲ್ಲೆಗೆ, ಆ ವರ್ಷದ ದುಡ್ಡು ಆ ವರ್ಷವೇ ಕೈಸೇರುತ್ತದೆ. ಶಾಲೆಗೆ, ಅಗ್ನಿಶಾಮಕಕ್ಕೆ, ರಸ್ತೆಗೆ ಕಾಯಬೇಕಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಹಿಂದಿನ ಬಾಕಿ, ಅದರ ಹಿಂದಿನ ಬಾಕಿ ಅಂತ ಕೆಂಪು ಶಾಯಿಯಲ್ಲಿ ಪುಟದಿಂದ ಪುಟಕ್ಕೆ ಸಾಗಿಸುತ್ತಿದ್ದ ನೋವು ನನಗೇ ಗೊತ್ತು. ಬೀದಿ ದೀಪದ ಬಲ್ಬು ತರಲು ದುಡ್ಡಿಲ್ಲದೆ ಓಣಿಯವರ ಕೈಲಿ ಬೈಸಿಕೊಂಡಿದ್ದೇವೆ.

ಈಗ ಆ 18ರ ವಿಷಯ.

ಫ್ಲಾರಿಡಾದಲ್ಲಿ ಹರಾಜು ಮೇಲಕ್ಕೆ ಏರುವುದಿಲ್ಲ. ಕೆಳಗೆ ಇಳಿಯುತ್ತದೆ. ಹರಾಜು ಶುರುವಾಗುವುದು 18ಕ್ಕೆ. ನಾನು 17ಕ್ಕೆ ತಗೋತೀನಿ, ನಾನು 12ಕ್ಕೆ, ನಾನು 6ಕ್ಕೆ ಅಂತ ಕಾಲು ಕಾಲು ಪರ್ಸೆಂಟ್ ಇಳಿಸುತ್ತ ಹೋಗುತ್ತಾರೆ. ಎಲ್ಲರಿಗಿಂತ ಕಡಿಮೆ ಬಡ್ಡಿಗೆ ಒಪ್ಪಿದವರಿಗೆ ಸರ್ಟಿಫಿಕೇಟ್. ಎಲ್ಲ ಆನ್‌ಲೈನ್. ದೊಡ್ಡ ದೊಡ್ಡ ಫಂಡುಗಳು ಕಂಪ್ಯೂಟರ್ ಇಟ್ಟುಕೊಂಡು ಸಾವಿರಾರು ಸರ್ಟಿಫಿಕೇಟಿಗೆ ಒಮ್ಮೆಲೇ ಬಿಡ್ ಹಾಕುತ್ತವೆ. ಒಳ್ಳೆ ಓಣಿಯ ಒಳ್ಳೆ ಮನೆಗೆ ಅವರು 0.25ಕ್ಕೂ ಬಿಡ್ ಮಾಡುತ್ತಾರೆ. ಕಾಲು ಪರ್ಸೆಂಟಿಗೆ ಯಾಕೆ ಅಂತೀರಾ? ಅಲ್ಲೇ ಇರುವುದು ಒಂದು ಕಲಮು. ಬಡ್ಡಿ ಲೆಕ್ಕ ಎಷ್ಟೇ ಕಡಿಮೆ ಬರಲಿ, ಮನೆಯವರು ಬಿಡಿಸಿಕೊಳ್ಳುವಾಗ ಕನಿಷ್ಠ 5 ಪರ್ಸೆಂಟ್ ಕೊಡಲೇಬೇಕು. ಸೊನ್ನೆಗೆ ಬಿಡ್ ಮಾಡಿದವರಿಗೆ ಮಾತ್ರ ಅದಿಲ್ಲ.

ಲೆಕ್ಕ ನೋಡಿ. 2,000 ಡಾಲರಿನ ಸರ್ಟಿಫಿಕೇಟ್, 6 ಪರ್ಸೆಂಟಿಗೆ ಸಿಕ್ಕಿದೆ. ಮನೆಯವರು ಎರಡೇ ತಿಂಗಳಲ್ಲಿ ಕಟ್ಟಿಬಿಟ್ಟರು. ಬಡ್ಡಿ ಬರಬೇಕಾದ್ದು 20 ಡಾಲರ್. ಆದರೆ ಆ ಕಲಮಿನಿಂದ 100 ಡಾಲರ್ ಬರುತ್ತದೆ. ಎರಡು ತಿಂಗಳಿಗೆ 5 ಪರ್ಸೆಂಟ್ ಅಂದರೆ ಬಹಳ ಒಳ್ಳೆಯದು. ಅವರೇ ಎರಡು ವರ್ಷ ಕಟ್ಟದಿದ್ದರೆ? ವರ್ಷಕ್ಕೆ 6ರಂತೆ 12. ಅದಕ್ಕೆ ನಮ್ಮಲ್ಲಿ ಅಂಚೆ ಕಚೇರಿಯೇ ಸಾಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 8.2 ಪರ್ಸೆಂಟ್ ಇದೆ. ಮೂರು ತಿಂಗಳಿಗೊಮ್ಮೆ ಖಾತೆಗೆ ಬಂದು ಬೀಳುತ್ತದೆ. 30 ಲಕ್ಷದವರೆಗೂ ಇಡಬಹುದು.

ರಾಜ್ಯ ರಾಜ್ಯಕ್ಕೂ ಕಾಯ್ದೆ ಬೇರೆ. ಅರಿಝೋನಾದಲ್ಲಿ 16ರಿಂದ ಇಳಿಯುತ್ತದೆ. ಅಯೋವಾದಲ್ಲಿ ನಮ್ಮ ಹಾಗೇ ತಿಂಗಳಿಗೆ 2. ಟೆಕ್ಸಾಸ್‌ನಲ್ಲಿ ಸರ್ಟಿಫಿಕೇಟ್ ಮಾತೇ ಇಲ್ಲ, ಆಸ್ತಿಯನ್ನೇ ಹರಾಜು ಹಾಕುತ್ತಾರೆ. ಕ್ಲಾಸ್ ತೆಗೆದುಕೊಳ್ಳುವವರು ಎಲ್ಲ ರಾಜ್ಯದ ದೊಡ್ಡ ನಂಬರನ್ನು ಆರಿಸಿ ಒಂದೇ ಬುಟ್ಟಿಯಲ್ಲಿ ಇಟ್ಟು ತೋರಿಸುತ್ತಾರೆ.

"ಬಡ್ಡಿ ಬರದಿದ್ದರೆ ಮನೆ ನಿಮ್ಮದು" ಎಂಬ ಮಾತಂತೂ ಫ್ಲಾರಿಡಾಕ್ಕೆ ಹೊಂದುವುದೇ ಇಲ್ಲ. ಸರ್ಟಿಫಿಕೇಟ್ ಕೊಟ್ಟ ವರ್ಷದ ಏಪ್ರಿಲ್ 1ರಿಂದ ಎರಡು ವರ್ಷ ಕಾಯಬೇಕು. ಆಮೇಲೆ ಅರ್ಜಿ ಹಾಕಬೇಕು. ಹಾಕುವಾಗ ಆ ಆಸ್ತಿಯ ಉಳಿದ ಎಲ್ಲ ವರ್ಷದ ಬಾಕಿ, ಬೇರೆಯವರ ಕೈಲಿರುವ ಸರ್ಟಿಫಿಕೇಟಿನ ದುಡ್ಡು, ಖರ್ಚು, ಎಲ್ಲ ನಾವೇ ತುಂಬಬೇಕು. ಆಗ ಆಸ್ತಿ ಬಹಿರಂಗ ಹರಾಜಿಗೆ ಬರುತ್ತದೆ. ಬೇರೆ ಯಾರೂ ಬಿಡ್ ಮಾಡದಿದ್ದರೆ ಮಾತ್ರ ನಮ್ಮ ಕೈಗೆ ಬರಬಹುದು. ಯಾರೂ ಬಿಡ್ ಮಾಡದ ಆಸ್ತಿ ಹೇಗಿರುತ್ತದೆ, ಯೋಚನೆ ಮಾಡಿ. ಇನ್ನು ಏಳು ವರ್ಷ ಸುಮ್ನೆ ಕೂತರೆ ಸರ್ಟಿಫಿಕೇಟ್ ರದ್ದು. ಹಾಕಿದ ದುಡ್ಡೂ ಹೋಯಿತು.

ಸರ್ಕಾರ ಗ್ಯಾರಂಟಿ ಅನ್ನುವುದೂ ಪೂರ್ತಿ ನಿಜವಲ್ಲ. ಸರ್ಕಾರ ವಸೂಲಿಯ ದಾರಿ ಮಾಡಿಕೊಟ್ಟಿದೆ, ಅಷ್ಟೇ. ನಮ್ಮ ದುಡ್ಡಿಗೆ ಆಧಾರ ಆ ಜಾಗವೇ. ಜಾಗ ಹೇಗಿದೆಯೋ ಸರ್ಟಿಫಿಕೇಟ್ ಹಾಗೆ.

ಮೇ ತಿಂಗಳಲ್ಲಿ ಮಗ ಕೌಂಟಿಯ ಯಾದಿ ತೆರೆದು ನನಗೆ ವಿಡಿಯೋದಲ್ಲಿ ತೋರಿಸಿದ. ನಾನು ಕನ್ನಡಕ ಏರಿಸಿ ಕೂತೆ. ನನ್ನ ಕೈಗೆ ಮತ್ತೆ ಡಿಮಾಂಡ್ ರಿಜಿಸ್ಟರ್ ಬಂದ ಹಾಗಾಯಿತು. ಪಾರ್ಸಲ್ ನಂಬರ್ (ಜಾಗದ ನಂಬರ್), ಮಾಲೀಕರ ಹೆಸರು, ಬಾಕಿ. ಪಕ್ಕದಲ್ಲಿ ನಕ್ಷೆ. ಮೇಲಿನಿಂದ ತೆಗೆದ ಫೋಟೋ ಕೂಡ ಇತ್ತು. ಆ ಸೌಲಭ್ಯ ನಮ್ಮ ಕಾಲದಲ್ಲಿ ಇದ್ದಿದ್ದರೆ ನನ್ನ ಎಷ್ಟೋ ಸೈಕಲ್ ಟೈರ್ ಉಳಿಯುತ್ತಿದ್ದವು.

"ಇದು ನೋಡಪ್ಪಾ, 400 ಡಾಲರ್ ಅಷ್ಟ. 18ಕ್ಕ ಸಿಗತೈತಿ ಅನಸ್ತೈತಿ."

"ಫೋಟೋ ದೊಡ್ಡದು ಮಾಡು."

ದೊಡ್ಡದು ಮಾಡಿದ. ಎರಡು ಮನೆಗಳ ಹಿಂದೆ ಉದ್ದಕ್ಕೆ ಹಸಿರು ಪಟ್ಟೆ. ಅದರ ತುದಿಗೆ ನೀರು. ಬಡಾವಣೆಯ ಮಳೆ ನೀರು ನಿಲ್ಲಲು ಬಿಟ್ಟ ಹೊಂಡ! ಅದಕ್ಕೂ ಒಂದು ಪಾರ್ಸಲ್ ನಂಬರ್ ಇದೆ, ಅದಕ್ಕೂ ತೆರಿಗೆ ಇದೆ. ಬಡಾವಣೆ ಮಾಡಿದವರು ಮನೆ ಮಾರಿ ಹೋಗಿರುತ್ತಾರೆ. ಹೊಂಡದ ಪಟ್ಟಿ ಯಾರು ಕಟ್ಟುತ್ತಾರೆ? ಯಾರೂ ಇಲ್ಲ. ಅದಕ್ಕೇ ಅದು 18ಕ್ಕೆ ಉಳಿದಿರುವುದು.

ನನಗೆ ಆ ಕ್ಷಣ ನಮ್ಮ ಹಳೇ ಊರು ನೆನಪಾಯಿತು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟು ಓಣಿಗಳು ಹೋದವು. ನಮ್ಮ ಅಜ್ಜನ ಮನೆಯೂ ಮುಳುಗಡೆಯಾಯಿತು. ಆ ಮನೆಯ ಹಳೇ ಪಟ್ಟಿ ಪಾವತಿ ಈಗಲೂ ನಮ್ಮ ಟ್ರಂಕಿನಲ್ಲಿದೆ. ಮನೆ ನಂಬರ್ ಇದೆ, ಅಜ್ಜನ ಹೆಸರಿದೆ, ಸಿಕ್ಕೆ ಇದೆ. ಆ ನಂಬರಿನ ಜಾಗದಲ್ಲಿ ಈಗ ನೀರು. ಕಾಗದದಲ್ಲಿರುವುದೆಲ್ಲ ನೆಲದ ಮೇಲೂ ಇರುತ್ತದೆ ಅಂತ ನಂಬಬಾರದು ಎಂಬುದನ್ನು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಿಲ್ಲ.

ಆ ಹೊಂಡ ಬಿಟ್ಟೆವು. ಮುಂದೆ ಒಂದು ಹಳೇ ಪೆಟ್ರೋಲ್ ಬಂಕಿನ ಜಾಗ ಬಂತು. ನೆಲದೊಳಗೆ ಟ್ಯಾಂಕ್ ಇರುತ್ತದೆ, ಮಣ್ಣು ಕೆಟ್ಟಿದ್ದರೆ ಸ್ವಚ್ಛ ಮಾಡುವ ಖರ್ಚು ಜಾಗದ ಬೆಲೆಗಿಂತ ಜಾಸ್ತಿ. ಅದೂ ಬೇಡ. ಇನ್ನೊಂದು ಎರಡು ಕಟ್ಟಡದ ನಡುವೆ ನಾಲ್ಕು ಅಡಿ ಅಗಲದ ಸಂದಿ. ಹೀಗೆ ರಾತ್ರಿಗೆ ಇಪ್ಪತ್ತು ಮೂವತ್ತು ನೋಡುತ್ತಿದ್ದೆವು. ಕೆಲಸದಲ್ಲಿದ್ದಾಗ ಮಗನ ಜೊತೆ ಇಷ್ಟು ಹೊತ್ತು ಕೂತಿದ್ದು ನನಗೆ ನೆನಪಿಲ್ಲ.

ಒಂದು ರಾತ್ರಿ ಒಂದು ಸಣ್ಣ ಮನೆ ಬಂತು. ಮಾಲೀಕರು ಸ್ವಂತಕ್ಕೆ ವಾಸ ಇರುವ ಮನೆ ಅಂತ ದಾಖಲೆಯಲ್ಲಿ ಇತ್ತು. ಅಲ್ಲಿ ಅದಕ್ಕೆ ಹೋಮ್‌ಸ್ಟೆಡ್ ಅಂತಾರೆ, ತೆರಿಗೆಯಲ್ಲಿ ವಿನಾಯಿತಿ ಇರುತ್ತದೆ. ಹಿಂದಿನ ಇಪ್ಪತ್ತು ವರ್ಷ ಒಂದೂ ತಪ್ಪದೆ ನವೆಂಬರ್‌ನಲ್ಲೇ ಕಟ್ಟಿದ್ದಾರೆ. ಈ ವರ್ಷ ಇಲ್ಲ.

ನಾನು ಅಂದೆ, "ತಮ್ಮಾ, ಈ ಮನ್ಯಾಗ ಯಾರೋ ತೀರಿಕೊಂಡಾರ."

ನನಗೆ ಹೇಗೆ ಗೊತ್ತು? ಅಂಥ ಎಷ್ಟು ಮನೆ ಬಾಗಿಲಲ್ಲಿ ನಿಂತಿದ್ದೇನೆ. ನೇಕಾರರ ಓಣಿಯಲ್ಲಿ ಒಬ್ಬ ಯಜಮಾನ ಇದ್ದ. ಏಪ್ರಿಲ್ ಮೊದಲ ವಾರ ರಿಯಾಯಿತಿ ತಪ್ಪದಂತೆ ತಾನೇ ಆಫೀಸಿಗೆ ಬಂದು ಕಟ್ಟುತ್ತಿದ್ದ. ಒಂದು ವರ್ಷ ಬರಲಿಲ್ಲ. ಜುಲೈ ಆಯಿತು, ದಂಡ ಶುರುವಾಯಿತು. ಬಿಲ್ ಹಿಡಿದು ಹೋದೆ. ಓಣಿಯಲ್ಲೆಲ್ಲ ಮಗ್ಗದ ಸದ್ದು, ಅವರ ಮನೆಯೊಂದರಲ್ಲಿ ಇಲ್ಲ. ಕುಣಿ ಮಗ್ಗದ ಮೇಲೆ ಅರ್ಧ ನೇಯ್ದ ಖಣ ಹಾಗೇ ಇತ್ತು. ಅದರ ಮೇಲೆ ಹಳೇ ಧೋತರ ಹೊದಿಸಿದ್ದರು. ಅವನ ಹೆಂಡತಿ ಹೊರಗೆ ಬಂದು, "ಸಾಹೇಬ್ರ, ಪಟ್ಟಿ ಎಲ್ಲಿ ಕಟ್ಟೂದು, ಯಾರ ಹೆಸರಿಲೆ ಕಟ್ಟೂದು ನನಗೇನ್ ಗೊತ್ರಿ. ಎಲ್ಲಾ ಅವರs ನೋಡ್ಕೋತಿದ್ರು" ಅಂದಳು.

ಆಕೆಯ ಹತ್ತಿರ ದುಡ್ಡು ಇರಲಿಲ್ಲ ಅಂತಲ್ಲ. ದಾರಿ ಗೊತ್ತಿರಲಿಲ್ಲ. ಗಂಡನ ಹೆಸರಿನಲ್ಲೇ ಪಟ್ಟಿ ಕಟ್ಟಬಹುದು, ಆಮೇಲೆ ವಾರಸಾ ಮಾಡಿಸಿ ಉತಾರದಲ್ಲಿ ಹೆಸರು ಬದಲಿಸಬಹುದು ಅಂತ ಕೂತು ಹೇಳಿದೆ. ಚಲನ್ ನಾನೇ ತುಂಬಿದೆ. 2002ರಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂದ ಮೇಲೆ ಮನೆಯವರೇ ಅಳತೆ ಬರೆದು, ಲೆಕ್ಕ ಹಾಕಿ ಕಟ್ಟಬೇಕಾಗಿತ್ತು. ಓದು ಬಾರದವರಿಗೆ ಅದು ಎಷ್ಟು ಕಷ್ಟ, ಹೇಳಿ. ಆಕೆ ಮೂರು ದಿನದಲ್ಲಿ ಬಂದು ಕಟ್ಟಿದಳು. ಸೆರಗಿನ ಗಂಟು ಬಿಚ್ಚಿ ಹತ್ತು ಇಪ್ಪತ್ತರ ನೋಟು ಎಣಿಸಿ ಕೊಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

31 ವರ್ಷದಲ್ಲಿ ನಾನು ನೋಡಿದ ಬಾಕಿದಾರರಲ್ಲಿ ಬೇಕಂತಲೇ ಕಟ್ಟದವರು ಇದ್ದರು. ಅವರು ಹೆಚ್ಚಾಗಿ ದೊಡ್ಡ ಮನೆಯವರು. ಅಣ್ಣ ತಮ್ಮಂದಿರ ಜಗಳದಲ್ಲಿ ನಿಂತ ಬಾಕಿಯೂ ಬಹಳ. ಪಟ್ಟಿ ಪಾವತಿ ಯಾರ ಕೈಲಿದೆಯೋ ಮನೆ ಅವರದು ಅಂತ ಜನ ತಿಳಿದುಕೊಂಡಿದ್ದಾರೆ. ಹಾಗಾಗಿ ಅಣ್ಣ ಕಟ್ಟಲು ಬಂದರೆ ತಮ್ಮ ತಕರಾರು ಅರ್ಜಿ ಕೊಡುತ್ತಿದ್ದ. ಪಾವತಿ ಮಾಲೀಕತ್ವದ ದಾಖಲೆ ಅಲ್ಲ ಅಂತ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಉಳಿದವರು ಆ ಹೆಣ್ಣುಮಗಳಂಥವರು. ಮುದುಕರು, ವಿಧವೆಯರು, ಆಸ್ಪತ್ರೆಯಲ್ಲಿ ಇದ್ದವರು, ಗೋವಾಕ್ಕೆ ಕೆಲಸಕ್ಕೆ ಹೋದವರು. ಬಾಗಿಲು ತಟ್ಟಿ ಹೇಳಿದರೆ ಕಟ್ಟುವವರು.

ಹಾಗಾಗಿ ಮಗನಿಗೆ ಅಂದೆ, "ಆ ಮನಿಗೆ ಹೋಗಿ ಬಾಗಲಾ ಬಡದು ಹೇಳಿಬಿಡು. ಪಟ್ಟಿ ಬಾಕಿ ಐತಿ ಅಂತ."

"ಸರ್ಟಿಫಿಕೇಟ್ ತಗೊಂಡ್ರ ಹಂಗ ಹೋಗಾಂಗಿಲ್ಲಪ್ಪಾ. ಕಾಯ್ದೆ ಐತಿ."

ಓದಿ ತೋರಿಸಿದ. ಸರ್ಟಿಫಿಕೇಟ್ ಇಟ್ಟುಕೊಂಡವರು ಎರಡು ವರ್ಷದ ಅವಧಿ ಮುಗಿಯುವವರೆಗೆ ಮಾಲೀಕರನ್ನು ತಾವಾಗಿ ಸಂಪರ್ಕಿಸಿ ದುಡ್ಡು ಕಟ್ಟಿ ಅಂತ ಕೇಳುವಂತಿಲ್ಲ. ತಾವೂ ಹೋಗುವಂತಿಲ್ಲ, ಬೇರೆಯವರನ್ನು ಕಳಿಸುವಂತಿಲ್ಲ. ಯಾಕೆ ಈ ಕಾಯ್ದೆ ಅಂತ ನನಗೆ ಅರ್ಥವಾಗುತ್ತದೆ. ಬಡ್ಡಿಯವರು ಬಾಗಿಲಿಗೆ ಬಂದು ಕಾಟ ಕೊಡಬಾರದು, ಸರಿ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ವಸೂಲಿಗೆ ಹೋದಾಗ ಎದುರಿಗೆ ಒಂದು ಮುಖ ಇರುತ್ತಿತ್ತು. ಇವತ್ತು ಆಗಲ್ಲ ಅಂದರೆ ಸೋಮವಾರ ಬರ್ತೀನಿ ಅನ್ನಬಹುದಿತ್ತು. ಇಲ್ಲಿ ತಡವಾದಷ್ಟೂ ಲಾಭ ಪಡೆಯುವವನಿಗೆ ಆ ಬಾಗಿಲೇ ಕಾಣುವುದಿಲ್ಲ.

ಮರುದಿನ ಮಗ ಒಂದು ಪ್ರಕರಣ ಹುಡುಕಿ ಕಳಿಸಿದ. ಮಿನೆಸೋಟಾ ರಾಜ್ಯದ ಹೆನೆಪಿನ್ ಕೌಂಟಿಯದು. ಜೆರಾಲ್ಡಿನ್ ಟೈಲರ್ ಎಂಬ ಅಜ್ಜಿ ಮಿನಿಯಾಪೊಲಿಸ್‌ನಲ್ಲಿ 1999ರಲ್ಲಿ ಒಂದು ಫ್ಲ್ಯಾಟ್ ಕೊಂಡಿದ್ದರು. 2010ರಲ್ಲಿ ವಯಸ್ಸಾದವರು ಇರುವ ಜಾಗಕ್ಕೆ ಹೋದರು. ಫ್ಲ್ಯಾಟಿನ ತೆರಿಗೆ ನಿಂತಿತು. ಮೂಲ ತೆರಿಗೆ ಸುಮಾರು 2,300 ಡಾಲರ್. ಬಡ್ಡಿ, ದಂಡ, ಖರ್ಚು ಸೇರಿ 15,000 ಆಯಿತು. ಕೌಂಟಿ ಫ್ಲ್ಯಾಟನ್ನು 40,000ಕ್ಕೆ ಮಾರಿತು. ಉಳಿದ 25,000 ಅಜ್ಜಿಗೆ ಕೊಡಬೇಕಲ್ವಾ? ಕೊಡಲಿಲ್ಲ, ತಾನೇ ಇಟ್ಟುಕೊಂಡಿತು. ಅಲ್ಲಿಯ ಸುಪ್ರೀಂ ಕೋರ್ಟ್ 2023ರ ಮೇ 25ರಂದು ಒಮ್ಮತದಿಂದ ಅಜ್ಜಿಯ ಪರವಾಗಿ ತೀರ್ಪು ಕೊಟ್ಟಿತು. ಬಾಕಿ ಎಷ್ಟೋ ಅಷ್ಟನ್ನೇ ತೆಗೆದುಕೊಳ್ಳಬೇಕು, ಹೆಚ್ಚಿನದು ಮನೆಯವರದು. ಆಗ ಅವರಿಗೆ 94 ವರ್ಷ. ಫ್ಲಾರಿಡಾದಲ್ಲಿ ಆ ಹೆಚ್ಚುವರಿ ಹಣ ಮನೆಯವರಿಗೆ ಕೊಡುವ ಕಾಯ್ದೆ ಮೊದಲಿನಿಂದ ಇದೆ. ಸ್ವಂತ ವಾಸದ ಮನೆ ಹರಾಜಿಗೆ ಬಂದರೆ ಅದರ ಅಂದಾಜು ಬೆಲೆಯ ಅರ್ಧವನ್ನು ಸವಾಲಿನ ಮೂಲ ಬೆಲೆಗೇ ಸೇರಿಸುತ್ತಾರೆ. ಚಿಲ್ಲರೆಗೆ ಮನೆ ಹೋಗಬಾರದು ಅಂತ.

ನಮ್ಮ ಕಡೆಯವರಿಗೆ ಇದರಿಂದ ಏನು ಉಪಯೋಗ ಅಂತ ಕೇಳಬಹುದು. ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ. ನಮ್ಮ ಭಾವ ಕೆಲವು ವರ್ಷದ ಹಿಂದೆ ಬೇರೆ ಊರಿನಲ್ಲಿ ಒಂದು ಹಳೇ ಮನೆ ಕೊಂಡರು. ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ ಇಸಿ (ಋಣಭಾರ ಪತ್ರ) ತೆಗೆಸಿದರು, ಸಾಲ ಇಲ್ಲ, ಎಲ್ಲ ಸ್ವಚ್ಛ. ಖರೀದಿ ಆಯಿತು. ಹೆಸರು ಬದಲಿಸಲು ಹೋದರೆ 11 ವರ್ಷದ ಪಟ್ಟಿ ಬಾಕಿ! ಮಾರಿದವರು ಫೋನ್ ಎತ್ತಲಿಲ್ಲ. ಇಸಿಯಲ್ಲಿ ಬರುವುದು ನೋಂದಣಿಯಾದ ಕಾಗದ ಮಾತ್ರ. ಪಟ್ಟಿ ಬಾಕಿ ಅಲ್ಲಿ ಬರುವುದಿಲ್ಲ. ಆದರೂ ಅದು ಬೋಜಾನೇ.

ಬಾಕಿ ಗೊತ್ತಿಲ್ಲದೆ ದುಡ್ಡು ಕೊಟ್ಟು ಕೊಂಡವರಿಗೆ ಕಾಯ್ದೆಯಲ್ಲಿ ಸ್ವಲ್ಪ ಆಸರೆ ಇದೆ. ಅಹಮದಾಬಾದ್ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 1971ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ತೆರಿಗೆ ಬಾಕಿಯ ಅರಿವಿಲ್ಲದೆ ಕೋರ್ಟ್ ಹರಾಜಿನಲ್ಲಿ ಕೊಂಡವರ ಆಸ್ತಿಯಿಂದ ಹಳೇ ಬಾಕಿ ವಸೂಲಿ ಮಾಡುವಂತಿಲ್ಲ ಅಂತ ಹೇಳಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಂ ಅದಕ್ಕೆ ಆಧಾರ. ವಕೀಲರು ಇದನ್ನು ಹೇಳಿದರು. ಆದರೆ ಕೋರ್ಟಿಗೆ ಅಲೆಯುವ ಖರ್ಚಿಗಿಂತ ಬಾಕಿ ಕಟ್ಟುವುದೇ ಸಲೀಸು ಅಂತ ಭಾವ ಕಟ್ಟಿದರು. ಮನೆ ಕೊಳ್ಳುವವರು ಇಸಿ ಜೊತೆಗೆ ಪುರಸಭೆಗೆ ಅಥವಾ ಪಂಚಾಯ್ತಿಗೆ ಹೋಗಿ ಬಾಕಿ ಇಲ್ಲ ಅಂತ ಬರೆಸಿಕೊಳ್ಳಿ. ಪಟ್ಟಿ, ನಳ, ಕರೆಂಟು ಮೂರೂ. ಬ್ಯಾಂಕು ಹರಾಜು ಹಾಕುವ ಮನೆಗಳಿಗಂತೂ ಇದು ಇನ್ನೂ ಮುಖ್ಯ. "ಇದ್ದಲ್ಲಿ ಇದ್ದ ಹಾಗೆ" ಅಂತ ಅವರ ನೋಟಿಸಿನಲ್ಲೇ ಬರೆದಿರುತ್ತಾರೆ.

ದುಡ್ಡು ಕಳಿಸುವ ವಿಷಯ. ನಾವು ಇಲ್ಲಿಂದ ಕಾಯ್ದೆ ಪ್ರಕಾರ ಹೊರದೇಶಕ್ಕೆ ವರ್ಷಕ್ಕೆ ಒಬ್ಬರು 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಹೂಡಿಕೆಗೆ ಕಳಿಸಿದರೆ, ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮೊದಲು ಆ ಮಿತಿ 7 ಲಕ್ಷ ಇತ್ತು. ಹಿಡಿದ ದುಡ್ಡು ಆಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತದೆ. ನನ್ನ ಹೆಸರಿನಲ್ಲಿ ಕೊಂಡರೆ ಅಮೆರಿಕದ ತೆರಿಗೆ ನಂಬರ್ ಬೇಕು, ಅಲ್ಲೂ ತೆರಿಗೆ ಹಿಡಿಯುತ್ತಾರೆ, ಇಲ್ಲೂ ತೋರಿಸಬೇಕು. ನಮ್ಮ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿಯ ವಿವರ ತುಂಬಲೇಬೇಕು. ಅಂಥ ಆಸ್ತಿ 20 ಲಕ್ಷ ದಾಟಿದ್ದು ವಿವರ ಬಿಟ್ಟರೆ ದಂಡ 10 ಲಕ್ಷದವರೆಗೆ ಹೋಗುತ್ತದೆ. ಡಾಲರ್ ಏರಿಳಿತ ಬೇರೆ. ಪಿಂಚಣಿ ಮೇಲೆ ಬದುಕುವವರಿಗೆ ಇಷ್ಟೆಲ್ಲ ಯಾಕೆ? ನನ್ನ 8 ಲಕ್ಷ ಅಂಚೆ ಕಚೇರಿಗೆ ಹೋಯಿತು. ಇವಳಿಗೆ ಸಮಾಧಾನ ಆಯಿತು.

ಮಗ ತನ್ನ ದುಡ್ಡಿನಲ್ಲಿ ಎರಡು ಸರ್ಟಿಫಿಕೇಟ್ ತಗೊಂಡ. ನಾವು ಮೊದಲೇ ಒಂದು ಮಾತು ಮಾಡಿಕೊಂಡಿದ್ದೆವು. ಮಾಲೀಕರೇ ವಾಸ ಇರುವ ಮನೆ ಬೇಡ. ಅಂಗಡಿ, ಬಾಡಿಗೆ ಕಟ್ಟಡ, ಕಂಪನಿ ಹೆಸರಿನ ಜಾಗ ಇದ್ದರೆ ಮಾತ್ರ. ಅವರು ಲೆಕ್ಕ ಹಾಕಿಯೇ ತಡ ಮಾಡುತ್ತಾರೆ, ಬಡ್ಡಿ ಕೊಡುವುದು ಅವರಿಗೆ ಭಾರವಲ್ಲ.

ಮೊದಲನೆಯದು ಒಂದು ಅಂಗಡಿ ಕಟ್ಟಡ. 1,840 ಡಾಲರ್, 7.25ಕ್ಕೆ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಬಿಡಿಸಿಕೊಂಡರು. ಕನಿಷ್ಠ 5ರ ಕಲಮಿನಿಂದ 92 ಡಾಲರ್ ಬಂತು.

ಎರಡನೆಯದು 1,260 ಡಾಲರಿನದು, 8.5ಕ್ಕೆ. ಸಣ್ಣ ಮನೆ. ಹೋಮ್‌ಸ್ಟೆಡ್ ಇರಲಿಲ್ಲ. ಬಿಲ್ ಹೋಗುವ ವಿಳಾಸವೂ ಬೇರೆ ಊರಿನದು. ಬಾಡಿಗೆ ಮನೆ ಅಂತ ತಿಳಿದು ತಗೊಂಡೆವು. ಅಕ್ಟೋಬರ್‌ನಲ್ಲಿ ಮಗ ಆ ಕಡೆ ಹೋಗುವಾಗ ರಸ್ತೆಯಿಂದಲೇ ನೋಡಿ ಬಂದ. ರಾತ್ರಿ ಫೋನ್ ಮಾಡಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಏನಾತೋ?"

"ಬಾಗಲ ಮುಂದ ವೀಲ್‌ಚೇರ್ ಏರಿಸೂ ಇಳಕಲು ಐತಪ್ಪಾ. ಹೊಸಾ ಕಟಗಿ. ಪಡಸಾಲ್ಯಾಗ ಯಾರೋ ಕುಂತಿದ್ರು."

ಬಾಡಿಗೆಯವರೋ, ಮನೆಯವರ ತಾಯಿಯೋ, ಯಾರೋ. ಕೇಳುವಂತಿಲ್ಲ. ಬಾಗಿಲು ತಟ್ಟುವಂತಿಲ್ಲ. ಕೌಂಟಿಯೇ ಅವರಿಗೆ ನೋಟಿಸ್ ಕಳಿಸುತ್ತದೆ ಅಂತ ಮಗ ಹೇಳಿದ. ಆ ನೋಟಿಸ್ ಬೇರೆ ಊರಿನ ವಿಳಾಸಕ್ಕೆ ಹೋಗುತ್ತದಲ್ಲ, ಅದೇ ನನಗೆ ಚಿಂತೆ. ಎರಡು ವರ್ಷ ತುಂಬಿದರೂ ಹರಾಜಿಗೆ ಅರ್ಜಿ ಹಾಕಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಆದರೆ ಮುಂದಿನ ವರ್ಷದ ಬಾಕಿಯ ಸರ್ಟಿಫಿಕೇಟ್ ಬೇರೆಯವರು ಕೊಂಡರೆ ಅವರು ಹಾಕಬಹುದು. ಅದು ನಮ್ಮ ಕೈಲಿಲ್ಲ.

ಈ ವರ್ಷ ಏಪ್ರಿಲ್ 3ರಂದು ನಮ್ಮ ಮನೆ ಪಟ್ಟಿ ಕಟ್ಟಿ ಬಂದೆ. 5 ಪರ್ಸೆಂಟ್ ರಿಯಾಯಿತಿ ಸಿಕ್ಕಿತು. ಪಾವತಿಯನ್ನು ಅಜ್ಜನ ಪಾವತಿ ಇರುವ ಟ್ರಂಕಿನಲ್ಲೇ ಇಟ್ಟೆ. ಆಮೇಲೆ ಮಗ ಕಲಿಸಿಕೊಟ್ಟ ಹಾಗೆ ಫೋನಿನಲ್ಲಿ ಆ ಕೌಂಟಿಯ ಪುಟ ತೆರೆದು ಪಾರ್ಸಲ್ ನಂಬರ್ ಒತ್ತಿದೆ. ವಾರಕ್ಕೊಮ್ಮೆ ನೋಡುತ್ತೇನೆ. ಇವತ್ತು ಬೆಳಗ್ಗೆಯೂ ನೋಡಿದೆ. ಇನ್ನೂ ಕಟ್ಟಿಲ್ಲ.